ಬಿಳಿ ಕೋಟಿನವರ ಬಸಿರಿನ ಲೆಕ್ಕ

ಪಿಯುಸಿ ಮುಗಿಸಿ, ನೀಟ್ ಬರೆದು ಮೆಡಿಕಲ್ ಸೀಟು ಹಿಡಿದ ಹುಡುಗಿಗೆ 18 ವರ್ಷ ಎಂದಿಟ್ಟುಕೊಳ್ಳಿ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್‌ಗೆ ಒಂದು ವರ್ಷ. ಅಲ್ಲಿಗೆ ಇಪ್ಪತ್ಮೂರೂವರೆ ಆಯಿತು. ಕರ್ನಾಟಕದಲ್ಲಿ ಓದಿದವಳಾಗಿದ್ದು, 2012ರ ಕಾಯ್ದೆಯ ಕಡ್ಡಾಯ ಸೇವೆ ಪಾಲಿಗೆ ಬಂದರೆ ಇನ್ನೊಂದು ವರ್ಷ. ಪಿಜಿ ನೀಟ್‌ನಲ್ಲಿ ಮೊದಲ ಸಲಕ್ಕೇ ಬೇಕಾದ ವಿಭಾಗ ಸಿಗುವುದು ಅದೃಷ್ಟವಂತರಿಗೆ; ಉಳಿದವರಿಗೆ ಕೋಚಿಂಗ್, ಮತ್ತೆ ಪರೀಕ್ಷೆ. ಎಂಡಿ ಅಥವಾ ಎಂಎಸ್ ಮೂರು ವರ್ಷ, ಸೀನಿಯರ್ ರೆಸಿಡೆನ್ಸಿ ಒಂದು ವರ್ಷ, ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಡಿಎಂ, ಎಂಸಿಎಚ್ ಎಂದು ಮತ್ತೆ ಮೂರು. ಕೂಡಿಸಿ ನೋಡಿದರೆ ಮೂವತ್ತೊಂದೂವರೆ. ಎಲ್ಲೂ ಮುಗ್ಗರಿಸದೆ, ಒಂದು ವರ್ಷವೂ ಪೋಲಾಗದೆ ಸಾಗಿದರೆ ಮಾತ್ರ ಈ ಲೆಕ್ಕ.

ದೇಹಕ್ಕೆ ಅದರದೇ ಆದ ಇನ್ನೊಂದು ಲೆಕ್ಕವಿದೆ. ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿದಿರುವುದು ಮೂರ್ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾನೂರು ಐನೂರು ಮಾತ್ರ. ಮಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. 32ರ ಆಸುಪಾಸಿನಿಂದ ಬಸಿರು ನಿಲ್ಲುವ ಸಾಧ್ಯತೆ ಮೆಲ್ಲಗೆ ಇಳಿಯತೊಡಗುತ್ತದೆ, 37 ದಾಟಿದ ಮೇಲೆ ಇಳಿತ ಚುರುಕಾಗುತ್ತದೆ. ಅಂಡಾಣುಗಳ ಸಂಖ್ಯೆಯ ಜೊತೆಗೆ ಗುಣವೂ ಕುಸಿಯುತ್ತದೆ. ವರ್ಣತಂತುಗಳ ಹಂಚಿಕೆಯಲ್ಲಿ ತಪ್ಪು ಹೆಚ್ಚಾಗಿ, ನಿಂತ ಬಸಿರು ಇಳಿದುಹೋಗುವುದೂ ಹೆಚ್ಚುತ್ತದೆ.

ಪದವಿಯ ದಾರಿ ಮುಗಿಯುವುದು ಸರಿಯಾಗಿ ಈ ಇಳಿತ ಶುರುವಾಗುವ ಜಾಗದಲ್ಲಿ. ಇದು ವೈದ್ಯರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಎಂಬಿಬಿಎಸ್ ಪಠ್ಯದಲ್ಲೇ ಇದೆ. ಹಾಗಿದ್ದೂ ತಡವಾಗುವುದಕ್ಕೆ ಕಾರಣ ಡ್ಯೂಟಿ ಪಟ್ಟಿ, ರಜೆಯ ನಿಯಮ, ಹಿರಿಯರ ಮುಖಭಾವ ಎಂಬುದು ಕಳೆದ ಹತ್ತು ವರ್ಷಗಳ ಅಧ್ಯಯನಗಳನ್ನು ಓದುವವರಿಗೆ ಸ್ಪಷ್ಟವಾಗುತ್ತದೆ. ವೈದ್ಯಕೀಯ ಓದುತ್ತಿರುವ ಹುಡುಗ ಹುಡುಗಿಯರು, ಅವರ ಮನೆಯವರು, ಆಸ್ಪತ್ರೆಗಳಲ್ಲಿ ಡ್ಯೂಟಿ ಹಾಕುವವರು ಈ ಬಗ್ಗೆ ತಿಳಿದಿರಬೇಕಾದದ್ದನ್ನು ಇಲ್ಲಿ ಕೊಟ್ಟಿದೆ. ಪಾಳಿಯಲ್ಲಿ ದುಡಿಯುವ ನರ್ಸ್‌ಗಳಿಗೆ, ಲ್ಯಾಬ್‌ನವರಿಗೆ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಸಂಶೋಧನೆ ಹೇಳುವುದು

ಅಮೆರಿಕದ ವೈದ್ಯೆಯರ ಒಂದು ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ಗರ್ಭಿಣಿಯಾಗಲು ಪ್ರಯತ್ನಿಸಿದ್ದವರಲ್ಲಿ ಶೇ 24ರಷ್ಟು ಮಂದಿಗೆ ಸಂತಾನಹೀನತೆ ಇದೆಯೆಂದು ಗೊತ್ತಾಗಿತ್ತು; ಹಾಗೆ ಗೊತ್ತಾದಾಗ ಅವರ ಸರಾಸರಿ ವಯಸ್ಸು 33.7. ಹಿಂದಕ್ಕೆ ಹೋಗುವಂತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇನ್ನೂ ಬೇಗ ಪ್ರಯತ್ನಿಸುತ್ತಿದ್ದೆವು ಎಂದರು. ಶೇ 17ರಷ್ಟು ಜನ ಬೇರೆ ವಿಭಾಗವನ್ನೇ ಆರಿಸಿಕೊಳ್ಳುತ್ತಿದ್ದೆವು ಎಂದರು. ಉತ್ತರಿಸಿದವರು 327 ಮಂದಿ. ತೊಂದರೆ ಅನುಭವಿಸಿದವರೇ ಇಂಥ ಪ್ರಶ್ನಾವಳಿಗೆ ಹೆಚ್ಚು ಉತ್ಸಾಹದಿಂದ ಉತ್ತರಿಸುವುದು ಸಹಜ, ಆದ್ದರಿಂದ ಶೇಕಡಾವಾರು ಅಂಕಿಯನ್ನು ಸ್ವಲ್ಪ ಹಿಡಿತದಲ್ಲಿಟ್ಟು ಓದಬೇಕು.

ಇನ್ನೂ ಗಟ್ಟಿಯಾದ ಅಧ್ಯಯನ 2021ರಲ್ಲಿ 'ಜಾಮಾ ಸರ್ಜರಿ'ಯಲ್ಲಿ ಬಂದದ್ದು. ಅಮೆರಿಕದ 692 ಮಹಿಳಾ ಸರ್ಜನ್‌ಗಳನ್ನೂ, ಹೋಲಿಕೆಗಾಗಿ 158 ಪುರುಷ ಸರ್ಜನ್‌ಗಳನ್ನೂ ಅವರ ಸಂಗಾತಿಗಳ ಬಸಿರಿನ ವಿವರದೊಂದಿಗೆ ಅದು ಒಳಗೊಂಡಿತ್ತು. ಮಹಿಳಾ ಸರ್ಜನ್‌ಗಳಲ್ಲಿ ಶೇ 42ರಷ್ಟು ಮಂದಿ ಒಮ್ಮೆಯಾದರೂ ಬಸಿರು ಕಳೆದುಕೊಂಡಿದ್ದರು. ಅದೇ ವಯಸ್ಸಿನ ಸಾಮಾನ್ಯ ಮಹಿಳೆಯರಲ್ಲಿ ಕಾಣುವುದರ ಎರಡು ಪಟ್ಟಿಗೂ ಹೆಚ್ಚು ಇದು. ತರಬೇತಿಯ ಕಾರಣಕ್ಕೆ ಮಗುವನ್ನು ಮುಂದೂಡಿದ್ದೆವು ಎಂದವರು ಶೇ 65. ಗರ್ಭಾವಸ್ಥೆಯ ಗಂಭೀರ ತೊಡಕುಗಳು ಅವರಲ್ಲಿ ಶೇ 48, ಪುರುಷ ಸರ್ಜನ್‌ಗಳ ಸಂಗಾತಿಗಳಲ್ಲಿ ಶೇ 27. ಕೊನೆಯ ಮೂರು ತಿಂಗಳಲ್ಲಿ ವಾರಕ್ಕೆ 12 ಗಂಟೆ ಅಥವಾ ಹೆಚ್ಚು ಹೊತ್ತು ಓಟಿಯಲ್ಲಿ ನಿಂತವರಿಗೆ ತೊಡಕು ಇನ್ನೂ ಜಾಸ್ತಿ. ಇವೆಲ್ಲಕ್ಕಿಂತ ಎದೆಗೆ ನಾಟುವ ಅಂಕಿ ಇನ್ನೊಂದಿದೆ: ಬಸಿರು ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲು ಮಂದಿ ಅದಕ್ಕಾಗಿ ರಜೆಯನ್ನೇ ಹಾಕಿರಲಿಲ್ಲ.

ಕೆನಡಾದ ಒಂಟಾರಿಯೊದಲ್ಲಿ ಆರೋಗ್ಯ ದಾಖಲೆಗಳನ್ನು ಜೋಡಿಸಿ ನೋಡಿದಾಗ ಮೊದಲ ಹೆರಿಗೆಯ ಮಧ್ಯಮ ವಯಸ್ಸು ವೈದ್ಯೆಯರಲ್ಲಿ 32, ಬೇರೆ ಮಹಿಳೆಯರಲ್ಲಿ 27 ಇತ್ತು. ಇವೆಲ್ಲ ಅಲ್ಲಿನ ಅಂಕಿಗಳು; ಹುಬ್ಬಳ್ಳಿ, ಮೈಸೂರು, ಬೆಂಗಳೂರಿನ ಪಿಜಿಗಳಿಗೆ ಹಾಗೆಯೇ ಅಂಟಿಸುವಂತಿಲ್ಲ. ಆದರೆ ಕಾರಣಗಳ ಸರಪಳಿ ಇಲ್ಲಿಯೂ ಅದೇ: ಉದ್ದದ ಓದು, ರಾತ್ರಿ ಡ್ಯೂಟಿ, ನಿಂತೇ ಇರುವ ಕೆಲಸ, ರಜೆ ಕೇಳಲು ಸಂಕೋಚ.

ಎಷ್ಟು ಕಾಯಬೇಕು?

ಹೆಣ್ಣಿಗೆ 35 ಆಗಿರದಿದ್ದರೆ ಒಂದು ವರ್ಷ ಸಹಜವಾಗಿ ಪ್ರಯತ್ನಿಸಿ, ಆಗಲಿಲ್ಲವೆಂದರೆ ಪರೀಕ್ಷೆಗೆ ಹೋಗಬೇಕು. 35 ದಾಟಿದ್ದರೆ ಆರು ತಿಂಗಳು ಸಾಕು. 40 ಆಗಿದ್ದರೆ ಕಾಯುವುದೇ ಬೇಡ. ಮುಟ್ಟು ತೀರಾ ಏರುಪೇರಾಗುತ್ತಿದ್ದರೆ, ಎಂಡೊಮೆಟ್ರಿಯೋಸಿಸ್ ಇದ್ದರೆ, ಹೊಟ್ಟೆಯ ಕೆಳಭಾಗದಲ್ಲಿ ಆಪರೇಷನ್ ಆಗಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದರೆ ವಯಸ್ಸು ಎಷ್ಟೇ ಇರಲಿ ಮೊದಲೇ ಹೋಗಬೇಕು. ನಮ್ಮ ದೇಶದಲ್ಲಿ ಈ ಪಟ್ಟಿಗೆ ಕ್ಷಯವನ್ನೂ ಸೇರಿಸಬೇಕು. ಜನನಾಂಗದ ಟಿಬಿ ಸದ್ದಿಲ್ಲದೆ ಗರ್ಭನಾಳಗಳನ್ನು ಮುಚ್ಚಿಬಿಡುತ್ತದೆ, ಮತ್ತು ವಾರ್ಡಿನಲ್ಲಿ ಓಡಾಡುವವರಿಗೆ ಟಿಬಿ ರೋಗಿಗಳ ಸಂಪರ್ಕ ದಿನನಿತ್ಯದ್ದು.

ವೈದ್ಯ ಜೋಡಿಗಳ ವಿಷಯದಲ್ಲಿ ಈ 'ಒಂದು ವರ್ಷ' ಎಂಬುದನ್ನು ಸ್ವಲ್ಪ ಕೆದಕಿ ನೋಡಬೇಕು. ಬಸಿರು ನಿಲ್ಲಲು ಅವಕಾಶವಿರುವುದು ತಿಂಗಳಿಗೆ ಆರೇ ದಿನ: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೂ ಹಿಂದಿನ ಐದು ದಿನ. ಆಕೆ ಮಂಗಳೂರಿನಲ್ಲಿ ಪಿಜಿ, ಆತ ಕಲಬುರಗಿಯಲ್ಲಿ ಸೀನಿಯರ್ ರೆಸಿಡೆಂಟ್, ಭೇಟಿ ತಿಂಗಳಿಗೊಂದು ಭಾನುವಾರ ಎಂದಾದರೆ ಹನ್ನೆರಡು ತಿಂಗಳಲ್ಲಿ ನಿಜವಾದ ಪ್ರಯತ್ನ ಎರಡೋ ಮೂರೋ ತಿಂಗಳಿನದು. ಒಂದೇ ಮನೆಯಲ್ಲಿದ್ದರೂ ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರಿಗೆ ಹಗಲು ಪಾಳಿ ಇದ್ದರೆ ಪರಿಸ್ಥಿತಿ ಬಹಳ ಬೇರೆಯೇನಲ್ಲ. ಇಂಥವರು ಸಂತಾನಹೀನತೆ ಎಂಬ ಹಣೆಪಟ್ಟಿ ಹಚ್ಚಿಕೊಂಡು ಐವಿಎಫ್ ಕೇಂದ್ರದ ಬಾಗಿಲಿಗೆ ಹೋಗುವ ಮೊದಲು ಎರಡು ರೋಸ್ಟರ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಡೋತ್ಪತ್ತಿ ಪತ್ತೆಯ ಕಿಟ್ ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನಿನ ಏರಿಕೆಯನ್ನು ತೋರಿಸುತ್ತದೆ. ಅದನ್ನು ನೋಡಿಕೊಂಡು ಸಹೋದ್ಯೋಗಿಯ ಜೊತೆ ಒಂದೆರಡು ಡ್ಯೂಟಿ ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದ ಚಿಕಿತ್ಸೆ. ಈ ದಿನಗಳಲ್ಲಿ ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಸೇರಿದರೆ ಸಾಕು. ಅದಕ್ಕಿಂತ ಹೆಚ್ಚಿನ ಲೆಕ್ಕಾಚಾರ ದಾಂಪತ್ಯಕ್ಕೂ ಹಿತವಲ್ಲ.

ಪ್ರಯತ್ನ ಶುರುಮಾಡುವ ಕನಿಷ್ಠ ಒಂದು ತಿಂಗಳು ಮೊದಲಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಶುರುವಾಗಬೇಕು, ಬಸಿರಿನ 12 ವಾರದವರೆಗೆ ಮುಂದುವರಿಯಬೇಕು. ಸಕ್ಕರೆ ಕಾಯಿಲೆ, ಅಪಸ್ಮಾರದಂಥ ತೊಂದರೆ ಇದ್ದವರಿಗೆ ಪ್ರಮಾಣ ಬೇರೆ, ತಜ್ಞರನ್ನು ಕೇಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿಕೊಳ್ಳಿ. ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆ ಆಗಿದೆಯೇ ಖಚಿತಪಡಿಸಿಕೊಳ್ಳಿ: ಇವು ಜೀವಂತ ವೈರಸ್ಸಿನ ಲಸಿಕೆಗಳು, ಬಸಿರಿನಲ್ಲಿ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸಿರಾಗದಂತೆ ನೋಡಿಕೊಳ್ಳಬೇಕು. ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್ ಇರುವವರಿಗೆ ಇದು ಇನ್ನೂ ಮುಖ್ಯ. ಹೆಪಟೈಟಿಸ್ ಬಿ ಲಸಿಕೆ ಎಂದೋ ಹಾಕಿಸಿಕೊಂಡಿದ್ದೇವೆ ಎಂದು ಸುಮ್ಮನಿರುವವರು ಪ್ರತಿಕಾಯದ ಮಟ್ಟವನ್ನು ಒಮ್ಮೆ ಅಳೆಸುವುದು ವಾಸಿ.

ಮೊದಲ ಪರೀಕ್ಷೆ ಗಂಡನಿಗೆ

ಮದುವೆಯಾಗಿ ಎರಡು ವರ್ಷವಾದರೆ ಅತ್ತೆಮನೆಯವರ ಕಣ್ಣು ಹೋಗುವುದು ಸೊಸೆಯ ಕಡೆಗೇ. ಸೊಸೆ ಡಾಕ್ಟರಾದರೂ ಇದಕ್ಕೆ ವಿನಾಯಿತಿಯಿಲ್ಲ, ಮಗ ಡಾಕ್ಟರಾದರಂತೂ ಅವನ ಕಡೆ ಯಾರೂ ನೋಡುವುದೇ ಇಲ್ಲ. ಸಮಸ್ಯೆ ಇರುವ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದಲ್ಲಿ ಫಲಿತಾಂಶ ಕೊಡುವಂಥದ್ದು. ಹೆಂಡತಿಯ ಗರ್ಭನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಸುವ ಮೊದಲು ಇದಾಗಬೇಕು. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕನಿಷ್ಠ ಉಲ್ಲೇಖ ಮಟ್ಟಗಳು ಹೀಗಿವೆ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42, ಸರಿಯಾದ ಆಕಾರದವು ಶೇ 4. ಶೇ 4 ಎಂದರೆ ಕಡಿಮೆಯಾಯಿತೆಂದು ಗಾಬರಿಯಾಗಬೇಡಿ, ಆರೋಗ್ಯವಂತರಲ್ಲೂ ಬಹುಪಾಲು ವೀರ್ಯಾಣುಗಳ ಆಕಾರ ಸೊಟ್ಟಗೇ ಇರುತ್ತದೆ. ಒಂದು ವರದಿ ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಸಮಯ ಹಿಡಿಯುವುದರಿಂದ, ಕಳೆದ ತಿಂಗಳು ಬಂದ ಜ್ವರ ಈ ತಿಂಗಳ ವರದಿಯನ್ನು ಹಾಳುಮಾಡಿರಬಹುದು.

ಸಿಗರೇಟು ಬಿಡಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೇಳಲೇಬೇಕಾದದ್ದು ಟೆಸ್ಟೊಸ್ಟಿರೋನ್ ಬಗ್ಗೆ. ಜಿಮ್‌ನಲ್ಲಿ ಯಾರೋ ಕೊಟ್ಟ ಚುಚ್ಚುಮದ್ದು, ಸುಸ್ತಿಗೆಂದು ತಾನೇ ಬರೆದುಕೊಂಡ ಜೆಲ್, ಎರಡೂ ಮೆದುಳಿನಿಂದ ವೃಷಣಕ್ಕೆ ಹೋಗುವ ಹಾರ್ಮೋನ್ ಸಂದೇಶವನ್ನು ನಿಲ್ಲಿಸಿ ವೀರ್ಯಾಣು ಉತ್ಪಾದನೆಯನ್ನೇ ತಗ್ಗಿಸುತ್ತವೆ. ಗಂಡಸುತನಕ್ಕೆಂದು ತೆಗೆದುಕೊಂಡದ್ದು ಅಪ್ಪನಾಗುವುದನ್ನು ತಡೆಯುತ್ತದೆ. ಬಿಟ್ಟ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ತಿಂಗಳುಗಳು ಬೇಕು.

ಎಎಂಎಚ್ ಎಂಬ ಭಯ

ವೈದ್ಯೆಯರು ತಮಗೆ ತಾವೇ ಮಾಡಿಸಿಕೊಳ್ಳುವ ಪರೀಕ್ಷೆಗಳಲ್ಲಿ ಎಎಂಎಚ್‌ಗೆ (ಆ್ಯಂಟಿ ಮುಲ್ಲೇರಿಯನ್ ಹಾರ್ಮೋನ್) ಮೊದಲ ಸ್ಥಾನ ಕೊಡಬಹುದು. ಪರಿಚಯದ ಲ್ಯಾಬು, ಮಧ್ಯಾಹ್ನ ಒಂದು ಟ್ಯೂಬ್ ರಕ್ತ, ಸಂಜೆಗೆ ಮೊಬೈಲಿಗೆ ವರದಿ, ರಾತ್ರಿಗೆ ನಿದ್ದೆಯಿಲ್ಲ. ಈ ಹಾರ್ಮೋನು ಅಂಡಾಶಯವೆಂಬ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಅಂದಾಜು ಹೇಳುತ್ತದೆ, ನೀರು ಸಿಹಿಯೋ ಸಪ್ಪೆಯೋ ಹೇಳುವುದಿಲ್ಲ. 2017ರಲ್ಲಿ 'ಜಾಮಾ'ದಲ್ಲಿ ಬಂದ ಅಧ್ಯಯನವೊಂದು ಸಂತಾನಹೀನತೆಯ ಇತಿಹಾಸವಿಲ್ಲದ, 30ರಿಂದ 44 ವರ್ಷದ 750 ಮಹಿಳೆಯರನ್ನು ಗಮನಿಸಿತು. ಎಎಂಎಚ್ ಕಡಿಮೆ ಇದ್ದವರಿಗೂ ಸರಿಯಿದ್ದವರಿಗೂ ಸಹಜವಾಗಿ ಬಸಿರಾಗುವ ಸಾಧ್ಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಐವಿಎಫ್‌ನಲ್ಲಿ ಚುಚ್ಚುಮದ್ದು ಕೊಟ್ಟಾಗ ಎಷ್ಟು ಅಂಡಾಣು ಸಿಗಬಹುದು ಎಂದು ಊಹಿಸಲು ಅದು ಉಪಯೋಗಕ್ಕೆ ಬರುತ್ತದೆ. 28 ವರ್ಷದ ಆರೋಗ್ಯವಂತ ಹುಡುಗಿ ಮದುವೆಗೆ ಮುಂಚೆ 'ಸುಮ್ಮನೆ ನೋಡೋಣ' ಎಂದು ಮಾಡಿಸುವ ಪರೀಕ್ಷೆ ಇದಲ್ಲ. ಗಂಡಿನ ಕಡೆಯವರು ಕೇಳಿದರೆಂದು ಮಾಡಿಸುವುದಂತೂ ಬೇಡವೇ ಬೇಡ.

ಅಂಡಾಣು ತೆಗೆದಿಡುವುದು

ಪಿಜಿ ಮುಗಿಯುವವರೆಗೆ ಅಂಡಾಣುಗಳನ್ನು ಶೈತ್ಯೀಕರಿಸಿ ಇಡಿಸೋಣ ಎಂಬ ಮಾತು ಈಗ ಹಾಸ್ಟೆಲ್‌ಗಳಲ್ಲೂ ಕೇಳಿಬರುತ್ತದೆ. ಅಮೆರಿಕದ ಸಂತಾನ ವೈದ್ಯರ ಸಂಘಟನೆ ಇದಕ್ಕಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿಯನ್ನು 2012ರಲ್ಲಿ ತೆಗೆದುಹಾಕಿತು. ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್, ಆಮೇಲೆ ಅರಿವಳಿಕೆ ಕೊಟ್ಟು ಯೋನಿಯ ಮೂಲಕ ಸೂಜಿಯಿಂದ ಅಂಡಾಣು ಹೀರಿ ತೆಗೆಯುವುದು. ಅತಿಯಾಗಿ ಸ್ಪಂದಿಸಿದರೆ ಅಂಡಾಶಯ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವಿದೆ. ಪಿಸಿಓಎಸ್ ಇದ್ದವರಲ್ಲಿ ಹೆಚ್ಚು. ಈ ಅವಧಿಯಲ್ಲಿ ಬೆಳಗಿನ ಸ್ಕ್ಯಾನಿಗೆ ಹೋಗಿಬರಲು ಸುಲಭವಾಗುವ ಪೋಸ್ಟಿಂಗ್ ಇರಬೇಕು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಚಿಕಿತ್ಸೆಗಳ ದತ್ತಾಂಶವಿಟ್ಟುಕೊಂಡು 2017ರಲ್ಲಿ ಮಾಡಿದ ಗಣಿತದ ಅಂದಾಜೊಂದಿದೆ. ಒಂದಾದರೂ ಜೀವಂತ ಮಗು ಹುಟ್ಟುವ ಸಾಧ್ಯತೆ ಶೇ 75 ಇರಬೇಕೆಂದರೆ 34ರ ವಯಸ್ಸಿನಲ್ಲಿ ಸುಮಾರು 10 ಪಕ್ವ ಅಂಡಾಣು ಬೇಕು, 37ರಲ್ಲಿ 20 ಬೇಕು, 42ರಲ್ಲಿ 61 ಬೇಕು. 61 ಅಂಡಾಣುಗಳನ್ನು 42ರಲ್ಲಿ ಕೂಡಿಸುವುದು ಬಹುತೇಕ ಆಗದ ಮಾತು. ಹಾಗಾಗಿ ಮಾಡುವುದಿದ್ದರೆ 35ರೊಳಗೆ, ಮತ್ತು ನಾಲ್ವರಲ್ಲಿ ಒಬ್ಬರಿಗೆ ಆಗಲೂ ಕೈಕೊಡುತ್ತದೆ ಎಂಬ ಅರಿವಿನೊಂದಿಗೆ. ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಇದು ದೊಡ್ಡ ವರ. ಸಂಗಾತಿ ಇನ್ನೂ ಸಿಕ್ಕಿಲ್ಲದ, ಇಪ್ಪತ್ತರ ಕೊನೆ ಅಥವಾ ಮೂವತ್ತರ ಮೊದಲ ವರ್ಷಗಳಲ್ಲಿರುವವರು ಯೋಚಿಸಬಹುದು. ಆದರೆ ಮದುವೆಯಾಗಿ, ಮಗು ಬೇಕೆಂದಿರುವ ಜೋಡಿ ರೋಸ್ಟರ್‌ಗೆ ಹೆದರಿ ಇದಕ್ಕೆ ಮುಂದಾಗುವುದು ಸರಿಯಲ್ಲ ಎಂದೇ ಈ ಲೇಖಕನ ಅಭಿಪ್ರಾಯ. ಬದಲಾಗಬೇಕಾದ ಡ್ಯೂಟಿ ಪಟ್ಟಿ ಹಾಗೆಯೇ ಉಳಿದು, ಸೂಜಿ ಚುಚ್ಚಿಸಿಕೊಳ್ಳುವವಳು ಮಾತ್ರ ಹುಡುಗಿ ಆಗುತ್ತಾಳೆ.

ಶೈತ್ಯೀಕರಣದ ಮಾತು ಬಂದಾಗ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ 70 ದಿನ ಕಳೆಯುವ ಹೊತ್ತಿಗೆ, ಅಂದರೆ ಅಕ್ಟೋಬರ್ 3ರಂದು, ಮುಖರ್ಜಿಯವರ ಪ್ರಯತ್ನದಿಂದ ಕೋಲ್ಕತ್ತದಲ್ಲಿ 'ದುರ್ಗಾ' ಹುಟ್ಟಿದಳು. ಇಂಗ್ಲೆಂಡಿನವರು ಸಹಜ ಋತುಚಕ್ರವನ್ನು ನೆಚ್ಚಿಕೊಂಡಿದ್ದರೆ, ಮುಖರ್ಜಿ ಹಾರ್ಮೋನ್ ಕೊಟ್ಟು ಅಂಡಾಣು ಬೆಳೆಸಿದ್ದರು, ಯೋನಿಯ ಮೂಲಕ ಹೊರತೆಗೆದಿದ್ದರು, ಭ್ರೂಣವನ್ನು ಶೈತ್ಯೀಕರಿಸಿಟ್ಟು ಬಳಿಕ ಗರ್ಭಕ್ಕೆ ಸೇರಿಸಿದ್ದರು. ಇಂದು ಎಲ್ಲ ಕೇಂದ್ರಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಆದರೆ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿನ ಸಮ್ಮೇಳನಕ್ಕೆ ಹೋಗಲು ಅನುಮತಿ ಸಿಗಲಿಲ್ಲ. 1981ರಲ್ಲಿ ಹಾರ್ಮೋನುಗಳ ಈ ವಿದ್ವಾಂಸರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಲಾಯಿತು. ಅದೇ ವರ್ಷ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

ಅವರಿಗೆ ನ್ಯಾಯ ಸಿಕ್ಕಿದ್ದು ಇನ್ನೊಬ್ಬ ವಿಜ್ಞಾನಿಯ ದೊಡ್ಡತನದಿಂದ. 1986ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವನ್ನು ದೇಶದ ಮೊದಲ ಪ್ರನಾಳ ಶಿಶು ಎಂದು ಕರೆಯಲಾಗುತ್ತಿತ್ತು. ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಆ ಸಾಧನೆಯ ರೂವಾರಿಯಾಗಿದ್ದ ಡಾ. ಟಿ.ಸಿ. ಆನಂದಕುಮಾರ್ ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿದರು. ಮೊದಲಿಗ ತಾನಲ್ಲ ಎಂದು 1997ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನ್ನ ಕಿರೀಟವನ್ನು ತಾನೇ ಕಳಚಿ ಇನ್ನೊಬ್ಬರ ತಲೆಗಿಟ್ಟವರು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ದುಡಿಮೆಯ ಗಂಟೆಗಳು

ವೈದ್ಯರ ಮನಸ್ಸಿನ ಸ್ಥಿತಿಯನ್ನು ಇಲಾಖೆಗಳು ಲೆಕ್ಕಕ್ಕೆ ತೆಗೆದುಕೊಳ್ಳಲು ಶುರುಮಾಡಿದ್ದು ತೀರಾ ಈಚೆಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಆನ್‌ಲೈನ್ ಸಮೀಕ್ಷೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಪಿಜಿ ವಿದ್ಯಾರ್ಥಿಗಳು ಉತ್ತರಿಸಿದ್ದರು. ಅವರಲ್ಲಿ ಶೇ 31ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ವಾರಕ್ಕೆ 74 ಗಂಟೆ ಮೀರದ ದುಡಿಮೆ, ವಾರಕ್ಕೊಂದು ರಜಾದಿನ, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಎಂದು ಕಾರ್ಯಪಡೆ ಶಿಫಾರಸು ಮಾಡಿತು. 74 ಗಂಟೆಯೂ ಕಡಿಮೆಯೇನಲ್ಲ. ಆದರೂ ಎಷ್ಟೋ ಯೂನಿಟ್‌ಗಳಲ್ಲಿ ಅಷ್ಟಾದರೂ ಜಾರಿಗೆ ಬಂದರೆ ಹಬ್ಬವೆಂದು ಪಿಜಿಗಳು ಹೇಳುತ್ತಾರೆ.

ಬಸಿರಿಗೂ ಪಾಳಿಗೂ ಇರುವ ನಂಟಿಗೆ ಡೆನ್ಮಾರ್ಕ್‌ನ 22,744 ಗರ್ಭಿಣಿಯರ ಸಂಬಳದ ದಾಖಲೆಗಳನ್ನು ಆಧರಿಸಿದ 2019ರ ಅಧ್ಯಯನವನ್ನು ನೋಡಬಹುದು. ಎಂಟು ವಾರ ದಾಟಿದ ಬಸಿರಿನಲ್ಲಿ, ಹಿಂದಿನ ವಾರ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದವರಿಗೆ ಗರ್ಭಪಾತದ ಸಾಧ್ಯತೆ ಶೇ 32ರಷ್ಟು ಹೆಚ್ಚು ಕಂಡುಬಂತು. ಇದು ಸಾಪೇಕ್ಷ ಹೆಚ್ಚಳ; ರಾತ್ರಿ ಡ್ಯೂಟಿ ಮಾಡಿದ ಬಹುಪಾಲು ಮಂದಿಯ ಬಸಿರು ಸುಸೂತ್ರವಾಗಿಯೇ ಸಾಗುತ್ತದೆ. ಹಾಗಿದ್ದರೂ ವಾರಕ್ಕೆ ಒಂದೇ ರಾತ್ರಿ ಪಾಳಿ ಹಾಕಿ ಎಂದು ಕೇಳಲು ಇಷ್ಟು ಆಧಾರ ಧಾರಾಳವಾಯಿತು.

ವಿಭಾಗಕ್ಕೆ ತಕ್ಕಂತೆ ಅಪಾಯಗಳು ಬೇರೆ. ಕ್ಯಾನ್ಸರ್ ಔಷಧಿಗಳನ್ನು ಬೆರೆಸುವ, ಹಾಕುವ ಕೆಲಸವನ್ನು ಬಸಿರಾಗಲು ಪ್ರಯತ್ನ ಶುರುಮಾಡಿದಾಗಲೇ ಬಿಡಿಸಿಕೊಳ್ಳಬೇಕು, ಗೊತ್ತಾಗುವ ಹೊತ್ತಿಗೆ ಮೊದಲ ವಾರಗಳು ಕಳೆದಿರುತ್ತವೆ. ಅರಿವಳಿಕೆ ವಿಭಾಗದವರು ಓಟಿಯಲ್ಲಿ ಹೆಚ್ಚುವರಿ ಅನಿಲವನ್ನು ಹೊರಹಾಕುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಬೇಕು. ಪೆಥಾಲಜಿಯವರಿಗೆ ಫಾರ್ಮಲಿನ್ ಹೊಗೆಯಿಂದ ರಕ್ಷಣೆ ಬೇಕು. ಕ್ಯಾತ್ ಲ್ಯಾಬ್, ಮೂಳೆ ಶಸ್ತ್ರಚಿಕಿತ್ಸೆಯವರು ವಿಕಿರಣಕ್ಕೆ ಹೆದರಿ ವಿಭಾಗವನ್ನೇ ಬಿಡಬೇಕಿಲ್ಲ: ಬಸಿರು ತಿಳಿಸಿದ ಮೇಲೆ ಉಳಿದ ಅವಧಿಗೆಲ್ಲ ಭ್ರೂಣಕ್ಕೆ ತಗಲುವ ಪ್ರಮಾಣ 1 ಮಿಲಿಸೀವರ್ಟ್ ಮೀರಬಾರದು ಎಂಬ ಮಿತಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಸೀಸದ ಏಪ್ರನ್ ಹಾಕಿ, ಅದರೊಳಗೆ ಹೊಟ್ಟೆಯ ಮಟ್ಟಕ್ಕೆ ಇನ್ನೊಂದು ಬ್ಯಾಡ್ಜ್ ಧರಿಸಿ, ವಿಕಿರಣ ಸುರಕ್ಷತಾ ಅಧಿಕಾರಿಗೆ ಬರಹದಲ್ಲಿ ತಿಳಿಸಿದರೆ ಕೆಲಸ ಮುಂದುವರಿಸಲು ಸಾಧ್ಯ. ಏಪ್ರನ್ ಭಾರದಿಂದ ಬೆನ್ನಿಗೆ ಆಗುವ ತೊಂದರೆ ಬೇರೆ, ಅದಕ್ಕೆ ವಿಶ್ರಾಂತಿಯೇ ಮದ್ದು.

ರಜೆ ಕೇಳುವುದು

ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಖಾಸಗಿ ಆಸ್ಪತ್ರೆಯ ಕನ್ಸಲ್ಟೆಂಟ್‌ಗಳಲ್ಲಿ ಅನೇಕರು ಉದ್ಯೋಗಿಗಳಾಗಿರದೆ ಶುಲ್ಕದ ಒಪ್ಪಂದದ ಮೇಲಿರುತ್ತಾರೆ. ಅಂಥವರು ಸಹಿ ಹಾಕುವ ಮೊದಲೇ ಹೆರಿಗೆಯ ಕಾಲದ ಏರ್ಪಾಡನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಹೆಚ್ಚು ಮಂದಿಗೆ ಗೊತ್ತಿಲ್ಲದ ಎರಡು ಸಂಗತಿಗಳಿವೆ. ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆಗೆ ಅರ್ಹತೆಯಿದೆ. ಇನ್ನೊಂದು, ಹೆರಿಗೆಗೆ ಮುಂಚಿನ ಕೊನೆಯ ಹತ್ತು ವಾರಗಳಲ್ಲಿ ಆಕೆ ಕೋರಿದರೆ ದೀರ್ಘಕಾಲ ನಿಲ್ಲುವ, ಮೈಮುರಿಯುವ ಕೆಲಸ ಕೊಡುವಂತಿಲ್ಲ. ಆಕೆ ಕೋರಬೇಕು ಎಂಬುದನ್ನು ಗಮನಿಸಿ. ಆರು ಗಂಟೆಯ ಆಪರೇಷನ್‌ಗೆ ತಾನಾಗಿ ನಿಂತ ಬಸುರಿಯನ್ನು 'ಸ್ಟ್ರಾಂಗ್' ಎಂದು ಹೊಗಳುವ ಕಡೆ ಕೋರಿಕೆ ಸಲ್ಲಿಸಲು ಧೈರ್ಯ ಬೇಕಾಗುತ್ತದೆ, ನಿಜ. ಆ ಹೊಗಳಿಕೆ ನಿಲ್ಲಿಸುವುದು ಎಚ್‌ಒಡಿಗಳ ಕೆಲಸ.

ಪಿಜಿ ವಿದ್ಯಾರ್ಥಿನಿಯರಿಗೆ ಸರ್ಕಾರದ ನಿಯಮದಂತೆ ಹೆರಿಗೆ ರಜೆ ಉಂಟು ಎಂದು ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿ ಹೇಳುತ್ತದೆ. ಹುಡುಗರಿಗೆ ಪಿತೃತ್ವ ರಜೆಯೂ ಉಂಟು. ಮಿತಿ ಮೀರಿ ರಜೆಯಾದರೆ ಅಷ್ಟು ಅವಧಿ ಕೋರ್ಸ್ ಮುಂದಕ್ಕೆ ಹೋಗುತ್ತದೆ. ಆರು ತಿಂಗಳು ತಡವಾಗಿ ಪರೀಕ್ಷೆ ಬರೆಯುವುದು ಆಗ ಪ್ರಳಯದಂತೆ ಕಾಣುತ್ತದೆ. ಐವತ್ತರ ವೈದ್ಯೆಯರನ್ನು ಕೇಳಿದರೆ ಆ ಆರು ತಿಂಗಳು ಅವರಿಗೆ ನೆನಪೂ ಇರುವುದಿಲ್ಲ. ರಜೆಯ ಅರ್ಜಿಯನ್ನು ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ, ಸಂಶೋಧನಾ ಪ್ರಬಂಧದ ಮಾರ್ಗದರ್ಶಕರಿಗೂ ಪ್ರತಿ ಕೊಡಿ. ಬಿಟ್ಟುಹೋಗುವ ಡ್ಯೂಟಿಗಳನ್ನು ಯಾರು ಮಾಡಬೇಕು ಎಂಬ ತಲೆನೋವು ಸಹಪಾಠಿಗಳ ಮೇಲೆ ಬೀಳುವುದರಿಂದಲೇ ಬಸುರಿಯ ಮೇಲೆ ಅಸಮಾಧಾನ ಹುಟ್ಟುತ್ತದೆ. ಬದಲಿ ಏರ್ಪಾಡು ಸಂಸ್ಥೆಯ ಜವಾಬ್ದಾರಿ ಎಂದು ಅರ್ಜಿಯಲ್ಲೇ ನಮೂದಿಸುವುದರಲ್ಲಿ ತಪ್ಪಿಲ್ಲ.

ಡಾಕ್ಟರೂ ರೋಗಿಯಾಗಬೇಕು

ಬೇರೆಯವರು ಒಪಿಡಿ ಚೀಟಿ ಮಾಡಿಸಿ ಕಾಯುವಾಗ ಡಾಕ್ಟರರು ಕಾರಿಡಾರಿನಲ್ಲೇ ಕ್ಲಾಸ್‌ಮೇಟನ್ನು ನಿಲ್ಲಿಸಿ ಕೇಳುತ್ತಾರೆ. ಒಬ್ಬರು ಲೆಟ್ರೊಜೋಲ್ ಹೇಳಿದರೆ ಇನ್ನೊಬ್ಬರು ಪ್ರೊಜೆಸ್ಟಿರೋನ್ ಹೇಳುತ್ತಾರೆ. ಫೈಲ್ ಇಲ್ಲ, ಒಟ್ಟಾರೆ ನೋಡುವವರಿಲ್ಲ, ಆರು ತಿಂಗಳು ಜಾರಿರುತ್ತದೆ. ಇಬ್ಬರೂ ಒಟ್ಟಿಗೆ ಹೋಗಿ, ಚೀಟಿ ಮಾಡಿಸಿ, ಒಬ್ಬರೇ ವೈದ್ಯರ ಕೈಗೆ ಒಪ್ಪಿಸಿಕೊಳ್ಳಿ. ಸ್ವಂತ ಆಸ್ಪತ್ರೆಯಲ್ಲಿ ಗುಟ್ಟು ಉಳಿಯುವುದು ಕಷ್ಟ ಎನಿಸಿದರೆ ಬೇರೆ ಊರಿನದಾದರೂ ಸರಿ.

ಕೇಂದ್ರ ಆರಿಸುವಾಗ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿ ಆಗಿದೆಯೇ ಕೇಳಿ. ಪ್ರಮಾಣಪತ್ರ ಗೋಡೆಯ ಮೇಲೆ ಇರಬೇಕು. ಈ ಕಾಯ್ದೆಯಂತೆ ಚಿಕಿತ್ಸೆಗೆ ಹೆಣ್ಣಿನ ವಯಸ್ಸು 21ರಿಂದ 50, ಗಂಡಿನದು 21ರಿಂದ 55. ಭ್ರೂಣವನ್ನು ಗರಿಷ್ಠ 10 ವರ್ಷ ಇಡಬಹುದು. ಭ್ರೂಣದ ಲಿಂಗ ಆಯ್ಕೆ ಅಪರಾಧ. 'ಶೇ 70 ಯಶಸ್ಸು' ಎಂಬ ಫಲಕ ಕಂಡರೆ ಯಾವುದರಲ್ಲಿ ಶೇ 70 ಎಂದು ವಿಚಾರಿಸಿ. ಗರ್ಭ ಪರೀಕ್ಷೆ ಪಾಸಿಟಿವ್ ಬಂದವರ ಲೆಕ್ಕ ಬೇರೆ, ಮಗು ಎತ್ತಿಕೊಂಡು ಮನೆಗೆ ಹೋದವರ ಲೆಕ್ಕ ಬೇರೆ. ಭ್ರೂಣ ಸೇರಿಸಿದವರನ್ನು ಮಾತ್ರ ಎಣಿಸಿದ್ದಾರೋ, ಚುಚ್ಚುಮದ್ದು ಶುರುಮಾಡಿದ ಎಲ್ಲರನ್ನೋ? ನಿಮ್ಮ ವಯಸ್ಸಿನ ಗುಂಪಿನ ಅಂಕಿ ಎಷ್ಟು? ಬಿಲ್ಲಿಗೆ ಜೋಡಿಸುವ ಹೆಚ್ಚುವರಿ ವಿಧಾನಗಳ ಬಗ್ಗೆಯೂ ಎಚ್ಚರವಿರಲಿ. ಗರ್ಭಕೋಶದ ಒಳಪದರವನ್ನು ಕೆರೆದರೆ ಬಸಿರು ನಿಲ್ಲುತ್ತದೆ ಎಂದು ವರ್ಷಗಟ್ಟಲೆ ಮಾಡುತ್ತಿದ್ದರು, 1,364 ಮಹಿಳೆಯರ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಪ್ರಯೋಜನವಿಲ್ಲವೆಂದು 2019ರಲ್ಲಿ ಗೊತ್ತಾಯಿತು. ಆರೋಗ್ಯ ವಿಮೆಯ ಕಾಗದದಲ್ಲಿ 17ನೇ ಸಂಕೇತದ ಹೊರಗಿಡುವಿಕೆಯನ್ನು ಓದಿ: ಸಂತಾನಹೀನತೆಯ ಚಿಕಿತ್ಸೆಗೆ ಹಣ ಬರುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. 18ನೆಯದು ಹೆರಿಗೆಯದು. ಕೆಲವು ಪಾಲಿಸಿಗಳು ಹೆಚ್ಚುವರಿ ಕಂತಿಗೆ, ಕಾಯುವ ಅವಧಿಯ ನಂತರ ಇವನ್ನು ಸೇರಿಸಿಕೊಳ್ಳುತ್ತವೆ. ಬಸಿರಿನ ಯೋಜನೆಗೆ ಎರಡು ಮೂರು ವರ್ಷ ಮೊದಲೇ ವಿಚಾರಿಸಬೇಕು.

ಖಚಿತವಾದ ಬಸಿರುಗಳಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ಇಳಿದುಹೋಗುತ್ತವೆ. ಇದನ್ನು ರೋಗಿಗಳಿಗೆ ದಿನಾ ಹೇಳುವವರಿಗೆ ತಮ್ಮ ಸರದಿ ಬಂದಾಗ ಅಂಕಿ ಸಮಾಧಾನ ಕೊಡುವುದಿಲ್ಲ. ಪ್ರಸೂತಿ ವಿಭಾಗದ ಪಿಜಿಗಂತೂ ಮರುದಿನ ಬೇರೆಯವರ ಹೆರಿಗೆ ಮಾಡಿಸಬೇಕು. ಅಂಥವರನ್ನು ಕೆಲವು ವಾರ ಲೇಬರ್ ವಾರ್ಡಿನಿಂದ ಬೇರೆಡೆಗೆ ಹಾಕುವುದು ಯೂನಿಟ್ ಮುಖ್ಯಸ್ಥರ ಕೈಯಲ್ಲಿದೆ, ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಐವಿಎಫ್ ಸೋತ ಗಂಡಸರು ಅಳುವುದನ್ನು ಮನೆಯಲ್ಲೂ ನೋಡುವವರಿಲ್ಲ, ಅವರನ್ನೂ ಕೇಳಬೇಕು. ಪರಿಚಯದವರ ಬಳಿ ಹೇಳಿಕೊಳ್ಳಲು ಮುಜುಗರವಾದರೆ ಟೆಲಿ ಮಾನಸ್ ಸಂಖ್ಯೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಮೇಲ್ವಿಚಾರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ನೈಟ್ ಡ್ಯೂಟಿಯ ನಡುವೆಯೂ.